ಟೋಪಿಯ ಒಳಗಿನ ರೇಷ್ಮೆ

—ಏನಮ್ಮ ಇದು, ಬೆಳಗ್ಗೆ ಬೆಳಗ್ಗೆ ಕೈಗೆ ಪೌಡರ್ ಹಚ್ಕೊಂಡು ಕೂತಿದೀಯ?

—ಕೈ ಬೆವರುತ್ತೆ ಮಾವ. ಬೆವರು ತಾಗಿದ್ರೆ ರೇಷ್ಮೆ ಎಳೆ ಮಂಕಾಗುತ್ತೆ, ಗಂಟೂ ಜಾರುತ್ತೆ. ಈ ಸೀರೆಯೋರು ಸಂಜೆ ಆರಕ್ಕೆ ಬರ್ತಾರೆ, ಅರ್ಧ ಸೆರಗಿನ ಕುಚ್ಚು ಇನ್ನೂ ಬಾಕಿ. ನೀವು ಮಾತಾಡ್ತಾ ಇರಿ. ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ.

—ಏನು ಮಾತಾಡ್ಲಿ? ಒಂದು ಒಳ್ಳೇ ಸಿನಿಮಾ ತೋರಿಸೋಣ ಅಂತ ಎಂಟು ಜನರನ್ನ ಕರೆದು ಕೂರಿಸಿದೆ. ಬ್ಯಾಂಕಿನಿಂದ ರಿಟೈರ್ ಆದೋರು ಅರ್ಧ ಗಂಟೆಗೇ ಗೊರಕೆ. ಎದ್ದ ಮೇಲೆ ಕೇಳ್ತಾರೆ, "ಮೇಷ್ಟ್ರೇ, ಹುಡುಗ ಏನಾದ?" ಅಂತ. ಸತ್ತ ಅಂದೆ. "ಅಯ್ಯೋ, ಯಾವಾಗ?" ಅಂದ್ರು.

—ಅವರದೇನು ತಪ್ಪು? ಸಾಯೋದನ್ನ ಸಿನಿಮಾನೂ ತೋರಿಸಲ್ಲವಲ್ಲ. ಎಚ್ಚರ ಇದ್ದ ನಾವೂ ಇನ್ನೊಬ್ಬರ ಬಾಯಿಂದ ಕೇಳಿಯೇ ತಿಳ್ಕೊಂಡ್ವಿ.

—ಅದೂ ಸರಿ ಅನ್ನು. ಆದರೆ ಎದುರುಮನೆಯಾಕೆ ಹೇಳಿದ್ದು ಕೇಳಿದ್ಯಾ? "ಮೈಸೂರು ಮಲ್ಲಿಗೆ ಸಿನಿಮಾದಲ್ಲಿ ಪದ್ಯ ಎಲ್ಲ ಹಾಡಾಗಿತ್ತು, ಕೇಳೋಕಾದ್ರೂ ಚೆನ್ನಾಗಿತ್ತು. ಇದರಲ್ಲಿ ಕವಿ ಬರೀ ಕೆಮ್ತಾನೆ." 1992ರ ನಾಗಾಭರಣರ ಸಿನಿಮಾ ಎಲ್ಲಿ, 2009ರಲ್ಲಿ ಜೇನ್ ಕ್ಯಾಂಪಿಯನ್ ಮಾಡಿದ ಬ್ರೈಟ್ ಸ್ಟಾರ್ ಎಲ್ಲಿ! ಇದರಲ್ಲೂ ಗಂಡಸರೆಲ್ಲ ನಿಂತು ವಾದ್ಯವೇ ಇಲ್ಲದೆ ಬಾಯಲ್ಲೇ ಮೊಟ್ಸಾರ್ಟ್ ಹಾಡಿದರಲ್ಲ, ಅದು ಹಾಡಲ್ವಾ ಅಂದೆ. ಅದು ಗುನುಗೋದು, ಹಾಡಲ್ಲ ಅಂದುಬಿಟ್ರು.

—ಆ ಇಂಜಿನಿಯರಿಂಗ್ ಹುಡುಗ ಏನಂದ?

—ಅವನಿಗೆ ರಕ್ತ ಬೇಕಿತ್ತು. ಕವಿಗಳ ಪ್ರೇಮ ಅಂದ್ರೆ 1995ರ ಟೋಟಲ್ ಎಕ್ಲಿಪ್ಸ್ ಅಂತೆ. ರಾಂಬೋ, ವೆರ್ಲೇನ್ ಇಬ್ಬರೂ ಕುಡೀತಾರೆ, ಕಚ್ಚಾಡ್ತಾರೆ, ಒಬ್ಬ ಇನ್ನೊಬ್ಬನಿಗೆ ಪಿಸ್ತೂಲು ಹಾರಿಸ್ತಾನೆ. "ಇದರಲ್ಲಿ ಏನೂ ಆಗಲ್ಲ ಸರ್, ಗೋಡೆ ಆಚೆ ಒಬ್ಬರು, ಈಚೆ ಒಬ್ಬರು" ಅಂದ. ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ, ನನಗೂ ಒಂದು ದೂರು ಇದೆಯಲ್ಲ ಅನ್ನಿಸ್ತು.

—ನಿಮಗೂನಾ? ಸಿನಿಮಾ ತಂದೋರೇ ನೀವು.

—ತಂದದ್ದು ಕೀಟ್ಸ್ ಇದ್ದಾನೆ ಅಂತ. ಮೂವತ್ತೆರಡು ವರ್ಷ ಪಾಠ ಹೇಳಿದ ಕವಿ. ನೋಡಿದ್ರೆ ಅವನು ಸಿನಿಮಾದಲ್ಲಿ ಅತಿಥಿ ಬಂದ ಹಾಗೆ ಬಂದು ಹೋಗ್ತಾನೆ. ಕುದುರೆ ಲಾಯದವನ ಮಗ, ಎಂಟು ವರ್ಷಕ್ಕೆ ಅಪ್ಪ ಹೋದ, ಹದಿನಾಲ್ಕಕ್ಕೆ ಅಮ್ಮ ಕ್ಷಯದಲ್ಲಿ ಹೋದಳು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕೈಕಾಲು ಕತ್ತರಿಸುವಾಗ ಪಕ್ಕದಲ್ಲಿ ನಿಂತು ನೆರವಾಗ್ತಿದ್ದ ಹುಡುಗ. ಅರಿವಳಿಕೆ ಅನ್ನೋದೇ ಇಲ್ಲದ ಕಾಲ. 1816ರಲ್ಲಿ ಲೈಸೆನ್ಸ್ ಸಿಕ್ಕಿತು, ಸ್ವಲ್ಪ ದಿನದಲ್ಲೇ ಅದನ್ನ ಬಿಟ್ಟು ಕವಿತೆ ಅಂತ ಕೂತ. 1818ರಲ್ಲಿ ಎಂಡಿಮಿಯನ್ ಅಚ್ಚಾದಾಗ ಪತ್ರಿಕೆಯವರು ಕವಿತೆಯನ್ನ ಅಷ್ಟೇ ಬೈಲಿಲ್ಲ, ಅವನ ಕುಲ ಗೋತ್ರ ಎಲ್ಲ ಎತ್ತಾಡಿದ್ರು. ಔಷಧಿ ಅಂಗಡಿಗೆ ವಾಪಸ್ ಹೋಗಪ್ಪ ಅನ್ನೋ ಧಾಟಿ. ಇದೆಲ್ಲ ಎಲ್ಲಿದೆ? ಸಿನಿಮಾ ಶುರುವಾಗೋದು ಸೂಜಿಯಿಂದ!

—ಆ ಸೂಜಿ ನೋಡೇ ನಾನು ನೆಟ್ಟಗೆ ಕೂತಿದ್ದು ಮಾವ. ಪರದೆ ತುಂಬ ಬಿಳೀ ಬಟ್ಟೆ, ಎಳೆ ಎಳೆ ಕಾಣುತ್ತೆ, ಬಟ್ಟೆ ಮೇಲಿನ ಜುಂಗು ಕೂಡ. ಅದರೊಳಗಿಂದ ಸೂಜಿ ತೂರ್ಕೊಂಡು ಬರುತ್ತೆ. ಎಷ್ಟು ಹತ್ತಿರ ಅಂದ್ರೆ ಮೊದಲು ಅದು ಸೂಜಿ ಅಂತಾನೇ ಗೊತ್ತಾಗಲ್ಲ. ಹೊಲಿಯೋರಿಗೆ ಬಟ್ಟೆ ಕಾಣೋದು ಹಾಗೇನೇ. ಕಣ್ಣಿಗೆ ಅಷ್ಟು ಹತ್ತಿರ ಇಟ್ಕೊಂಡು ಯಾರೂ ನಮ್ಮ ಕೆಲಸ ನೋಡಿರಲಿಲ್ಲ.

—ಅದು ಚೆಂದ ಇದೆ, ಇಲ್ಲ ಅನ್ನಲ್ಲ.

—ಚೆಂದಕ್ಕೆ ಅಲ್ಲ. ಇದು ಯಾರ ಕಣ್ಣಿಂದ ನೋಡೋ ಕಥೆ ಅಂತ ಅಲ್ಲೇ ಹೇಳಿಬಿಟ್ರು. ನೀವು ಕವೀನ ಹುಡುಕ್ತಾ ಕೂತ್ರಿ. ಕವಿ ಪ್ರೀತಿಸಿದ ಆ ಹುಡುಗಿ, ಫ್ಯಾನಿ, ತಾನು ತೊಟ್ಟ ಗೌನಿನ ಕಾಲರ್‌ಗೆ ಮೂರು ಸುತ್ತು ನೆರಿಗೆ ಹಿಡಿದಿದೀನಿ, ಈ ಸೀಮೆಗೇ ಇಂಥದ್ದು ಮೊದಲು ಅಂತ ಜಂಬ ಕೊಚ್ಕೋತಾಳಲ್ಲ, ನೀವೆಲ್ಲ ನಕ್ಕಿರಿ. ನಾನು ನಗಲಿಲ್ಲ. ಮೂರು ಸುತ್ತು ನೆರಿಗೆ ಕೈಯಲ್ಲಿ ಹಿಡಿದು, ಕಚ್ಚಾ ಹೊಲಿಗೆ ಹಾಕಿ, ಅದು ಕತ್ತಿನ ಸುತ್ತ ಒಂದೇ ಸಮ ನಿಲ್ಲಬೇಕು ಅಂದ್ರೆ ಏನು ಅಂತ ನನಗೆ ಗೊತ್ತು. ಆಗ ಮೆಷಿನ್ ಇತ್ತಾ?

—ಎಲ್ಲಿ ಬಂತು? 1818ರ ಮಾತು. ಹೊಲಿಗೆ ಮೆಷಿನ್ ಮನೆಗಳಿಗೆ ಬರೋದಕ್ಕೆ ಇನ್ನೂ ಮೂರು ನಾಲ್ಕು ದಶಕ ಬೇಕಿತ್ತು. ಎಲ್ಲ ಕೈ ಹೊಲಿಗೆ.

—ನೋಡಿ ಮತ್ತೆ. ಕೀಟ್ಸ್ ಗೆಳೆಯ, ಬ್ರೌನ್, ಅವಳನ್ನ ಹೊಲಿಗೆಯೋಳು ಅಂತ ಹಂಗಿಸಿದಾಗ ಅವಳು ಏನಂದ್ಲು? ನಿಮ್ಮಿಬ್ಬರ ಗೀಚಾಟಕ್ಕಿಂತ ನನ್ನ ಹೊಲಿಗೆ ವಾಸಿ, ಇದರಿಂದ ನಾನು ದುಡ್ಡು ಮಾಡಬಲ್ಲೆ ಅನ್ನೋ ಅರ್ಥದಲ್ಲಿ ಕೊಟ್ಟಳಲ್ಲ ಒಂದು! ನಾನು ಮನಸ್ಸಲ್ಲೇ ಚಪ್ಪಾಳೆ ಹೊಡೆದೆ.

—ದುಡ್ಡಿನ ಮಾತು ಮಾತ್ರ ನಿಜ. ಕೀಟ್ಸ್ ಕೈಯಲ್ಲಿ ಬಿಡಿಗಾಸು ಇರಲಿಲ್ಲ. ಅಜ್ಜ ಬಿಟ್ಟು ಹೋದ ದುಡ್ಡಿನಲ್ಲಿ ಒಂದು ಭಾಗ ಕೋರ್ಟಿನಲ್ಲಿ ಬಿದ್ದಿತ್ತು, ಅದು ತನಗೆ ಸಿಗುತ್ತೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಗಾರ್ಡಿಯನ್ ಕೈ ಬಿಗಿ. ಹೀಗಾಗಿ ನಿಶ್ಚಿತಾರ್ಥದ ಮಾತಾಯ್ತು, ಉಂಗುರ ಕೊಟ್ಟ, ಮದುವೆ ಅಂತೂ ಆಗಲೇ ಇಲ್ಲ. ಅಂದಹಾಗೆ ಆ ಉಂಗುರವನ್ನ ಅವಳು ಸಾಯೋವರೆಗೂ ಇಟ್ಕೊಂಡಿದ್ದಳು. ಈಗ ಹ್ಯಾಂಪ್‌ಸ್ಟೆಡ್‌ನಲ್ಲಿ ಅವರಿದ್ದ ಮನೆಯಲ್ಲೇ ಇದೆ.

—ಆ ಮನೆ ಇನ್ನೂ ಇದೆಯಾ?

—ಇದೆ, ಮ್ಯೂಸಿಯಂ ಮಾಡಿದಾರೆ. ಸಿನಿಮಾ ತೆಗೆದದ್ದು ಅಲ್ಲಿ ಅಲ್ಲ, ಬೆಡ್‌ಫರ್ಡ್‌ಶೈರ್ ಕಡೆಯ ಬೇರೆ ಮನೆಯಲ್ಲಿ. ನಿಜವಾದ ಮನೆ ನಮ್ಮ ವಠಾರದ ಹಾಗೆ. ಹೊರಗಿಂದ ಒಂದೇ ಮನೆ, ಒಳಗೆ ಎರಡು ಸಂಸಾರ. ಒಂದು ಭಾಗದಲ್ಲಿ ಬ್ರೌನ್, ಅವನ ಜೊತೆ ಕೀಟ್ಸ್. ಇನ್ನೊಂದು ಭಾಗಕ್ಕೆ 1819ರ ಏಪ್ರಿಲ್‌ನಲ್ಲಿ ಫ್ಯಾನಿ ಬ್ರಾನ್ ಮನೆಯೋರು ಬಂದ್ರು, ತಾಯಿ, ಮೂರು ಮಕ್ಕಳು. ನಡುವೆ ಒಂದು ಗೋಡೆ. ಆ ಏಪ್ರಿಲ್ ಮೇನಲ್ಲೇ ಕಣೇ, ನಾನು ಜೀವಮಾನವೆಲ್ಲ ಪಾಠ ಹೇಳಿದ ಆ ಓಡ್ ಅನ್ನೋ ಕವಿತೆಗಳು ಬಂದದ್ದು. ಇಂಜಿನಿಯರಿಂಗ್ ಹುಡುಗ ಗೋಡೆ ಅಂತ ತಮಾಷೆ ಮಾಡಿದನಲ್ಲ, ಆ ಗೋಡೆಯ ಈಚೆ ಇದ್ದಾಗಲೇ ಅವನು ಬರೆದದ್ದು.

—ಹಾಗಾದ್ರೆ ಸಿನಿಮಾ ತೋರಿಸಿದ್ದೂ ಅದನ್ನೇ ಅಲ್ವಾ? ಅವಳು ಮಂಚ ಗೋಡೆ ಪಕ್ಕಕ್ಕೆ ಇಟ್ಕೊಂಡು ಅಂಗೈ ಗೋಡೆಗೆ ಒತ್ತಿ ಹಿಡೀತಾಳೆ. ನೀವು ದೂರು ಹೇಳ್ತಾ ಹೇಳ್ತಾ ಅದಕ್ಕೇ ಸಾಕ್ಷಿ ಕೊಡ್ತಿದೀರ.

—ಆದರೆ ಕವಿತೆ, ಆ ನೈಟಿಂಗೇಲ್ ಹಕ್ಕಿಯ ಓಡ್, ಹುಟ್ಟೋದು? ಅದನ್ನ ತೋರಿಸಬೇಡ್ವಾ? ಒಂದು ಕುರ್ಚಿ ತಗೊಂಡು ಹೋಗಿ ಮರದ ಕೆಳಗೆ ಕೂತ, ಅಷ್ಟೇ.

—ಇನ್ನೇನು ತೋರಿಸ್ಬೇಕಿತ್ತು? ತಲೆ ಕೆರ್ಕೊಳ್ಳೋದಾ?

—ಅದೂ ಬ್ರೌನ್ ಹೇಳಿದ ಕಥೆ. ಬೆಳಗ್ಗೆ ತಿಂಡಿ ಆದ ಮೇಲೆ ಕುರ್ಚಿ ಎತ್ಕೊಂಡು ಪ್ಲಮ್ ಮರದ ಕೆಳಗೆ ಹೋದ, ಎರಡು ಮೂರು ಗಂಟೆ ಆದ ಮೇಲೆ ಕೈಯಲ್ಲಿ ಚೂರುಪಾರು ಕಾಗದ, ಅವನ್ನ ಪುಸ್ತಕಗಳ ಹಿಂದೆ ತುರುಕ್ತಿದ್ದ ಅಂತ. ಬ್ರೌನ್ ಇದನ್ನ ಬರೆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಆ ಮನೆಯ ಇನ್ನೊಬ್ಬ ಪಾಲುದಾರ ಡಿಲ್ಕ್ ಅದನ್ನ ನಂಬಲೇ ಇಲ್ಲ. ನಾನಂತೂ ಪ್ರತಿ ವರ್ಷ ಕ್ಲಾಸಿನಲ್ಲಿ ಆ ಪ್ಲಮ್ ಮರ ನೆಟ್ಟೆ. ಪ್ಲಮ್ ಮರ ನೋಡಿಲ್ಲ, ನೈಟಿಂಗೇಲ್ ಕೇಳಿಲ್ಲ. ಮಕ್ಕಳು ಕೋಗಿಲೆ ಅಂತ ಬರೀತಿದ್ರು, ನಾನೂ ಮಾರ್ಕ್ಸ್ ಕೊಡ್ತಿದ್ದೆ.

—ಕೋಗಿಲೆ ಅಂದ್ರೆ ತಪ್ಪಾ?

—ಕೋಗಿಲೆ ಬೇಸಿಗೆಯಲ್ಲಿ ಹಗಲಿಡೀ ಕೂಗುತ್ತೆ, ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತೆ. ಅದರ ಸಂಸಾರವೇ ಬೇರೆ. ಇರಲಿ, ಅದಕ್ಕೂ ಸಿನಿಮಾಗೂ ಸಂಬಂಧ ಇಲ್ಲ. ಏನು ಹೇಳ್ತಿದ್ದೆ?

—ಕವೀನ ಕಮ್ಮಿ ಮಾಡಿದಾರೆ ಅಂತ. ನಿಮ್ಮ ಪುಸ್ತಕಗಳಲ್ಲಿ ಅವಳು ಎಷ್ಟಿದ್ದಳು ಮಾವ? ಕಮ್ಮಿ ಅನ್ನೋ ಲೆಕ್ಕ ಅಲ್ಲಿಂದ ಶುರು ಮಾಡೋಣ.

—ಅದನ್ನ ಕೇಳಬೇಡ. ನನ್ನ ಹಳೇ ನೋಟ್ಸ್‌ನಲ್ಲಿ ಏನಿತ್ತು ಗೊತ್ತಾ? "ಫ್ಯಾನಿ ಬ್ರಾನ್, ಕವಿಯ ಆಳವನ್ನು ಅರಿಯದ ಚಂಚಲೆ." ನಾನೇ ಬರೆಸಿದ್ದು, ಅರವತ್ತು ಮಕ್ಕಳಿಗೆ, ವರ್ಷ ವರ್ಷ. ನನ್ನ ಗುರುಗಳು ನನಗೆ ಬರೆಸಿದ್ರು.

—ಚಂಚಲೆ ಅಂತ ಯಾರಿಗೆ ಹೇಗೆ ಗೊತ್ತಾಯ್ತು?

—ಅದೇ ತಮಾಷೆ. ಅವನು ಅವಳಿಗೆ ಬರೆದ ಕಾಗದ ಮೂವತ್ತಕ್ಕೂ ಹೆಚ್ಚು ಉಳಿದಿವೆ. ಅವಳು ಅವನಿಗೆ ಬರೆದದ್ದು ಒಂದೂ ಇಲ್ಲ. ಅವಳು 1833ರಲ್ಲಿ ಬೇರೆಯವರನ್ನ ಮದುವೆಯಾದಳು, ಮೂರು ಮಕ್ಕಳಾದವು, 1865ರಲ್ಲಿ ತೀರ್ಕೊಂಡಳು. ಅಷ್ಟು ವರ್ಷ ಆ ಕಾಗದಗಳನ್ನ ಜೋಪಾನವಾಗಿ ಇಟ್ಟಿದ್ದಳು. 1878ರಲ್ಲಿ ಅವು ಅಚ್ಚಾದವು. 1885ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದವು, ಆಸ್ಕರ್ ವೈಲ್ಡ್ ಅಲ್ಲಿದ್ದ, ಹೊಟ್ಟೆ ಉರಿದು ಒಂದು ಸಾನೆಟ್ ಬರೆದ. ಆ ಕಾಗದಗಳಲ್ಲಿ, ಅದರಲ್ಲೂ 1820ರ ಕಾಗದಗಳಲ್ಲಿ, ಅವನು ಸಿಡುಕ್ತಾನೆ, ಅನುಮಾನ ಪಡ್ತಾನೆ. ನಾನಿಲ್ಲದ ಕಡೆ ನೀನು ನಗಬಾರದು ಅನ್ನೋವಷ್ಟು. ಮ್ಯಾಥ್ಯೂ ಆರ್ನಾಲ್ಡ್ ಅಂಥ ದೊಡ್ಡ ವಿಮರ್ಶಕ ಓದಿ ಮೂಗು ಮುರಿದ, ಆಸ್ಪತ್ರೆಯಲ್ಲಿ ಕೈಕೆಲಸ ಕಲಿಯೋ ಹುಡುಗ ಬರೆಯೋ ಪ್ರೇಮಪತ್ರ ಇದು ಅನ್ನೋ ಹಾಗೆ. ಜನ ಏನು ತಿಳ್ಕೊಂಡ್ರು ಅಂದ್ರೆ, ಇಷ್ಟು ಅನುಮಾನ ಪಟ್ಟಿದಾನೆ ಅಂದ್ರೆ ಅವಳು ಅಂಥೋಳೇ ಇರಬೇಕು.

—ಅವನು ಸಿಡುಕಿದ್ದಕ್ಕೆ ಇವಳಿಗೆ ಕೆಟ್ಟ ಹೆಸರು! ಚೆನ್ನಾಗಿದೆ.

—1936ರವರೆಗೂ ಹೀಗೇ. ಆ ವರ್ಷ ಕೀಟ್ಸ್ ತಂಗಿಗೆ ಅವಳು ಬರೆದ ಕಾಗದಗಳು ಪುಸ್ತಕವಾಗಿ ಬಂದವು. ಕ್ಷಯ ಬಂದು ಇಟಲಿಗೆ ಹೋಗೋ ಮೊದಲು ನನ್ನ ತಂಗಿಗೆ ಬರೀತಾ ಇರು ಅಂತ ಅವನೇ ಹೇಳಿದ್ದ. ಅವಳು 1820ರಿಂದ 1824ರವರೆಗೆ ಬರೆದಳು. ಆ ಹುಡುಗಿಗೆ ಅಣ್ಣನ ಸುದ್ದಿ, ಜೊತೆಗೆ ಬಟ್ಟೆಬರೆ, ಪುಸ್ತಕ, ನಾಟಕ, ಎಲ್ಲ. ಓದಿದ್ರೆ ಗೊತ್ತಾಗುತ್ತೆ, ಬುದ್ಧಿವಂತೆ, ಹಾಸ್ಯ ಬಲ್ಲವಳು, ದುಃಖ ನುಂಗಿಕೊಳ್ಳೋಳು. ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಆ ಪುಸ್ತಕ ಬಂದು ನಾಲ್ಕು ದಶಕವೇ ಆಗಿತ್ತು. ನೋಟ್ಸ್ ಮಾತ್ರ ಹಳೇದೇ ನಡೀತಿತ್ತು.

—ಹಾಗಾದ್ರೆ ಕ್ಯಾಂಪಿಯನ್ ಮಾಡಿದ್ದು ನ್ಯಾಯ.

—ನ್ಯಾಯ ಅನ್ನು, ಆದರೆ ಸ್ವಲ್ಪ ಸಕ್ಕರೆ ಜಾಸ್ತಿ. ಆ ಕಹಿ ಕಾಗದಗಳ ಕಹಿಯನ್ನ ಸೋಸಿಬಿಟ್ಟಿದಾಳೆ. ಬ್ರೌನ್ ಒಂದು ವ್ಯಾಲೆಂಟೈನ್ ಕಳಿಸಿದ ಅಂತ ಒಂದು ಕೂಗಾಟ, ಅಷ್ಟಕ್ಕೆ ಮುಗಿಸಿದಾಳೆ. ಸಿನಿಮಾಗೆ ಆಂಡ್ರ್ಯೂ ಮೋಷನ್ ಬರೆದ ಜೀವನಚರಿತ್ರೆ ಆಧಾರ, 1997ರದ್ದು, ದಪ್ಪ ಪುಸ್ತಕ, ಅದರಲ್ಲಿ ಇದೆಲ್ಲ ಇದೆ. ಇವಳು ಅದರಿಂದ ಎರಡೂವರೆ ವರ್ಷ ಕತ್ತರಿಸಿ ತಗೊಂಡಳು.

—ಥಾನು ಎಷ್ಟೇ ಉದ್ದ ಇದ್ರೂ ರವಿಕೆಗೆ ಬೇಕಾದಷ್ಟೇ ಕತ್ತರಿಸೋದು ಮಾವ.

—ಎದುರುಮನೆಯಾಕೆಗೆ ಮಾತ್ರ ಆ ಕತ್ತರಿಸಿದ ಚೂರೇ ಬೇಕಂತೆ. ಕೆಲಸದ ಹುಡುಗಿ ಇದ್ದಳಲ್ಲ, ಅಬಿಗೇಲ್? ಬ್ರೌನ್ ಅವಳನ್ನ ಬಸಿರು ಮಾಡ್ತಾನೆ. "ನಿಮ್ಮ ಕವಿಗೆ ಎರಡು ಮುತ್ತಿಗೆ ಎರಡು ಗಂಟೆ ಸಿನಿಮಾ, ಮಗು ಹೆತ್ತವಳಿಗೆ ಎರಡು ನಿಮಿಷ" ಅಂದ್ರು. ಬಾಯಿ ಮುಚ್ಚಿಸಿದ್ರು ನನಗೆ.

—ನಿನ್ನೆ ಬಂದ ಅಭಿಪ್ರಾಯದಲ್ಲಿ ಅದೊಂದೇ ನನ್ನನ್ನ ಚುಚ್ಚಿದ್ದು. ಅದು ನಿಜ ನಡೆದದ್ದಾ?

—ನಿಜ. 1820ರಲ್ಲಿ ಗಂಡುಮಗು ಆಯ್ತು. ಎರಡು ವರ್ಷದ ಮೇಲೆ ಬ್ರೌನ್ ಮಗನನ್ನ ಕರ್ಕೊಂಡು ಇಟಲಿಗೆ ಹೋದ. ತಾಯಿ ಅಲ್ಲೇ ಉಳಿದಳು.

—ಅವಳ ಬಗ್ಗೆ ಇನ್ನೊಂದು ಸಿನಿಮಾ ಬೇಕು ಹಾಗಾದ್ರೆ. ಇದರೊಳಗೆ ತುರುಕಿದ್ರೆ ಎರಡೂ ಕೆಡ್ತಿತ್ತು. ಸ್ವಲ್ಪ ಆ ಕತ್ತರಿ ಕೊಡಿ. ಅದಲ್ಲ, ಚಿಕ್ಕದು.

—ಬ್ರೌನ್‌ನ ನೋಡಿದ್ರೆ ಸಿಟ್ಟೂ ಬರುತ್ತೆ, ಬಿಡೋಕೂ ಆಗಲ್ಲ. ಗೆಳೆಯನನ್ನ ಮನೆಯಲ್ಲಿ ಇಟ್ಕೊಂಡ, ಸಾಲ ಕೊಟ್ಟ, ಅವನ ಕವಿತೆಗಳನ್ನ ನಕಲು ಮಾಡಿ ಉಳಿಸಿದ. ಇಟಲಿಗೆ ಜೊತೆಗೆ ಹೋಗಬೇಕಾದ ಹೊತ್ತಿಗೆ ಮಾತ್ರ ಸ್ಕಾಟ್ಲೆಂಡಿನ ಬೆಟ್ಟದಲ್ಲಿ ನಡೀತಿದ್ದ. ಕೊನೆಗೆ ಅವನಿಗೆ ನಾನೇ ಕೈ ಕೊಟ್ಟೆ ಅಂತ ಸಿನಿಮಾದಲ್ಲಿ ಗೋಳಾಡ್ತಾನಲ್ಲ, ಪಾಲ್ ಶ್ನೈಡರ್ ಅದನ್ನ ಮಾಡಿದ ರೀತಿಗೆ ಇಂಜಿನಿಯರಿಂಗ್ ಹುಡುಗನೂ ತಲೆ ಎತ್ತಿ ನೋಡಿದ.

—ನಿಮಗೆ ಯಾವುದು ಇಷ್ಟ ಆಯ್ತು ಅದನ್ನ ಹೇಳಿ. ದೂರು ಸಾಕು.

—ಚಿಟ್ಟೆ. ಬ್ಯಾಂಕಿನವರು ಎಚ್ಚರಾಗಿದ್ದು ಅದೊಂದು ನಿಮಿಷ. "ಮನೆ ತುಂಬ ಚಿಟ್ಟೆ ಯಾಕ್ರೀ ಬಿಟ್ಕೊಂಡಿದಾರೆ?" ಅಂದ್ರು. 1819ರ ಬೇಸಿಗೆಯಲ್ಲಿ ಕೀಟ್ಸ್ ಐಲ್ ಆಫ್ ವೈಟ್‌ನಿಂದ ಅವಳಿಗೆ ಕಾಗದ ಬರೀತಾನೆ, ನಾವಿಬ್ಬರೂ ಚಿಟ್ಟೆಗಳಾಗಿ ಬೇಸಿಗೆಯ ಮೂರೇ ದಿನ ಬದುಕಿದ್ರೂ ಸಾಕಿತ್ತು ಅನ್ನೋ ಅರ್ಥ ಬರೋ ಹಾಗೆ. ಇಂಗ್ಲಿಷಿನ ಅತಿ ಹೆಸರಾದ ಪ್ರೇಮಪತ್ರದ ಮಾತು ಅದು. ಎಲ್ಲರೂ ಅದನ್ನ ಉದ್ಧರಿಸ್ತಾರೆ, ನಾನೂ ಉದ್ಧರಿಸಿದೀನಿ. ಸಿನಿಮಾದಲ್ಲಿ ಆ ಹುಡುಗಿ, ತಮ್ಮ, ಪುಟ್ಟ ತಂಗಿ, ಮೂವರೂ ಸೇರಿ ಚಿಟ್ಟೆ ಹಿಡ್ಕೊಂಡು ಬಂದು ಕೋಣೆಗೆ ಬಿಡ್ತಾರೆ. ಪರದೆ ಮೇಲೆ, ಬಾಚಣಿಗೆ ಮೇಲೆ, ಎಲ್ಲೆಲ್ಲೂ. ಆಮೇಲೆ ಕಾಗದ ಬರೋದು ನಿಲ್ಲುತ್ತೆ, ಚಿಟ್ಟೆ ಸಾಯ್ತವೆ, ಗುಡಿಸಿ ಹಾಕ್ತಾರೆ. ಉಪಮೆಯನ್ನ ಪೊರಕೆ ಹಿಡಿದು ಗುಡಿಸೋದನ್ನ ನಾನು ಎಲ್ಲೂ ನೋಡಿರಲಿಲ್ಲ ಕಣೇ.

—ಅದು ಮನೆ ಗುಡಿಸಿ ಗೊತ್ತಿರೋ ಹೆಂಗಸು ತೆಗೆದದ್ದು.

—ಇರಬಹುದು. ದಿ ಪಿಯಾನೊ ಮಾಡಿದ್ದೂ ಇವಳೇ. 1993ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ತಗೊಂಡ ಮೊದಲ ಹೆಂಗಸು. ಈ ಸಿನಿಮಾನೂ ಕಾನ್ ಸ್ಪರ್ಧೆಗೆ ಹೋಗಿತ್ತು, ಬರಿಗೈಯಲ್ಲಿ ಬಂತು. ಆಸ್ಕರ್‌ಗೆ ಒಂದೇ ನಾಮನಿರ್ದೇಶನ, ಉಡುಪಿಗೆ.

—ಗೆದ್ರಾ?

—ಇಲ್ಲ. ದಿ ಯಂಗ್ ವಿಕ್ಟೋರಿಯಾ ಅಂತ ಒಂದು ಸಿನಿಮಾಗೆ ಹೋಯ್ತು. ವಿಕ್ಟೋರಿಯಾ ರಾಣಿಯ ಕಥೆ.

—ಅದೇ ಅಂದ್ಕೊಂಡೆ! ರಾಣಿ ಪಟ್ಟೆ ಪೀತಾಂಬರದ ಮುಂದೆ ಮನೆಯಲ್ಲಿ ಹೊಲಿದ ಗೌನು ಯಾರಿಗೆ ಕಾಣುತ್ತೆ? ಇದರಲ್ಲಿ ಪ್ರತಿ ಬಟ್ಟೆನೂ ಆ ಹುಡುಗಿನೇ ಹೊಲಿದಿರಬೇಕು ಅನ್ನೋ ಹಾಗೆ ಹೊಲಿದಿದಾರೆ. ಸ್ವಲ್ಪ ಅತಿ, ಸ್ವಲ್ಪ ಪ್ರಯೋಗ, ಒಂದೆರಡು ಕಡೆ ಹೊಂದಲ್ಲ. ಹದಿನೆಂಟು ವರ್ಷದೋಳು ಹೊಲಿದ್ರೆ ಹಾಗೇ ಇರೋದು. ಬೇಕಂತಲೇ ಅಷ್ಟು ತಪ್ಪು ಉಳಿಸಿ ಹೊಲಿಯೋದಿದೆಯಲ್ಲ, ಅದು ಬಹಳ ಕಷ್ಟ. ಆಮೇಲೆ ಆ ದಿಂಬಿನ ಚೀಲ.

—ಕೀಟ್ಸ್ ತಮ್ಮ ಟಾಮ್ ಸತ್ತಾಗ. 1818ರ ಡಿಸೆಂಬರ್ 1.

—ರಾತ್ರಿಯೆಲ್ಲ ಕೂತು ಕಸೂತಿ ಹಾಕಿ ತರ್ತಾಳೆ, ಆ ಹುಡುಗನ ತಲೆ ಕೆಳಗೆ ಇಡಿ ಅಂತ. ಮಣ್ಣಿಗೆ ಹೋಗೋ ಬಟ್ಟೆಗೆ ಅಷ್ಟು ಸಣ್ಣ ಹೊಲಿಗೆ. ಅವನು ಅದನ್ನ ಬೆರಳಲ್ಲಿ ಸವರ್ತಾನೆ ನೋಡಿ, ಅಲ್ಲಿಂದ ಅವನಿಗೆ ಅವಳ ಮೇಲೆ ಮನಸ್ಸು.

—ಅದು ನಾನು ಓದಿದ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಅದಕ್ಕೇ ನಾನು ಹೇಳೋದು, ಈ ಹೊಲಿಗೆ ಎಲ್ಲ ಸಿನಿಮಾದವರು ಕಟ್ಟಿದ್ದು. ಅವಳಿಗೆ ಉಡುಪಿನ ಹುಚ್ಚು ಇತ್ತು, ಹಳೇ ಕಾಲದ ವೇಷಭೂಷಣ ಚೆನ್ನಾಗಿ ಗೊತ್ತಿತ್ತು, ಅದು ಸರಿ. ಆದರೆ ಅವನ ಬದುಕಿಗೂ ಅವಳ ಸೂಜಿಗೂ ಗಂಟು ಹಾಕೋದು ಚರಿತ್ರೆ ಅಲ್ಲ, ಚಿತ್ರಕಥೆ.

—ಇರಲಿ ಬಿಡಿ. ಅವನು ಸತ್ತದ್ದು ಹೇಗೆ, ಅದನ್ನ ಹೇಳಿ. ಸಿನಿಮಾದಲ್ಲಿ ಬೆಳಗಿನ ಜಾವ ಖಾಲಿ ಚೌಕದಲ್ಲಿ ಪೆಟ್ಟಿಗೆ ಹೊತ್ಕೊಂಡು ಬರೋದೊಂದು ಬಿಟ್ರೆ ರೋಮ್ ಇಲ್ಲವೇ ಇಲ್ಲ.

—ಅದು ಸ್ಪ್ಯಾನಿಷ್ ಸ್ಟೆಪ್ಸ್ ಅಂತಾರೆ, ದೊಡ್ಡ ಮೆಟ್ಟಿಲುಸಾಲು, ಅದರ ಪಕ್ಕದ ಮನೆಯಲ್ಲೇ ಸತ್ತದ್ದು. ಶುರುವಾಗಿದ್ದು 1820ರ ಫೆಬ್ರವರಿ 3ರ ರಾತ್ರಿ. ದುಡ್ಡು ಉಳಿಸೋಕೆ ಕುದುರೆ ಬಂಡಿಯ ಮೇಲುಗಡೆ, ಚಳಿಗೆ ಮೈಯೊಡ್ಡಿ ಕೂತು ಬಂದಿದ್ದ. ಹಾಸಿಗೆಗೆ ಹತ್ತುವಾಗ ಕೆಮ್ಮು ಬಂತು, ಹೊದಿಕೆ ಮೇಲೆ ಒಂದು ಹನಿ ರಕ್ತ. ಮೋಂಬತ್ತಿ ತಾ ಅಂತ ಬ್ರೌನ್‌ಗೆ ಹೇಳಿ ಆ ಹನಿಯ ಬಣ್ಣ ನೋಡಿದ. ವೈದ್ಯ ಓದಿದವನಲ್ಲವಾ, ಅಲ್ಲಿಗೇ ಗೊತ್ತಾಗಿ ಹೋಯ್ತು. ಅಮ್ಮ, ತಮ್ಮ, ಇಬ್ಬರದ್ದೂ ನೋಡಿದ್ದ. ಸೆಪ್ಟೆಂಬರ್‌ನಲ್ಲಿ ಹೊರಡೋ ಮುಂಚೆ ಸುಮಾರು ಒಂದು ತಿಂಗಳು ಫ್ಯಾನಿ, ಅವಳ ತಾಯಿ ಅವನನ್ನ ತಮ್ಮ ಮನೆಯಲ್ಲೇ ಇಟ್ಕೊಂಡು ನೋಡ್ಕೊಂಡ್ರು. ಮದುವೆ ಆಗದ ಹುಡುಗನನ್ನ, ಅದೂ ಕ್ಷಯದವನನ್ನ. ಎದುರುಮನೆಯಾಕೆ ಆ ತಾಯಿಗೆ ಕೈ ಮುಗೀಬೇಕು ಅಂದದ್ದು ಸುಮ್ನೆ ಅಲ್ಲ.

—ಜೊತೆಗೆ ಯಾರು ಹೋದ್ರು?

—ಜೋಸೆಫ್ ಸೆವರ್ನ್ ಅಂತ ಚಿತ್ರಗಾರ. ಆ ಹಡಗಿನಲ್ಲೇ ಬ್ರೈಟ್ ಸ್ಟಾರ್ ಕವಿತೆ ಬರೆದ ಅಂತ ಬಹಳ ಕಾಲ ನಂಬಿದ್ರು. ಬರೆದದ್ದು ಮೊದಲೇ, ಹಡಗಿನಲ್ಲಿ ತನ್ನ ಶೇಕ್ಸ್‌ಪಿಯರ್ ಪುಸ್ತಕದ ಖಾಲಿ ಪುಟದಲ್ಲಿ ತಿದ್ದಿ ಮತ್ತೆ ಬರ್ಕೊಂಡ. ರೋಮ್‌ನಲ್ಲಿ ಡಾಕ್ಟರು ರಕ್ತ ತೆಗೆದ್ರು, ಊಟ ಕಟ್ಟಿದ್ರು, ದಿನಕ್ಕೆ ಚೂರು ರೊಟ್ಟಿ, ಒಂದು ಸಣ್ಣ ಮೀನು. ಆಗಿನ ಚಿಕಿತ್ಸೆ ಅದು. 1821ರ ಫೆಬ್ರವರಿ 23, ರಾತ್ರಿ. 25 ವರ್ಷ. ಅವಳಿಂದ ಬಂದ ಕಾಗದ ಒಡೆಯೋಕೂ ಧೈರ್ಯ ಇರಲಿಲ್ಲ. ಒಡೆಯದೆಯೇ ಅವನ ಜೊತೆ ಮಣ್ಣಿಗೆ ಇಟ್ರು. ಇದನ್ನ ಹೇಳಿದಾಗ ಕ್ಲಾಸ್ ಸ್ತಬ್ಧ ಆಗ್ತಿತ್ತು.

—ಅವಳ ಅಕ್ಷರ ನೋಡೋಕೆ ಆಗ್ತಿರಲಿಲ್ಲ.

—ಹೆಸರು ಕೂಡ ಎತ್ತಬೇಡ ಅಂತಿದ್ದನಂತೆ. ಅವಳ ಕೈಯಿಂದ ಬಂದ ಯಾವುದೂ ತಡೆಯೋಕೆ ಆಗ್ತಿರಲಿಲ್ಲ. ನೇಪಲ್ಸ್‌ನಿಂದ ಬ್ರೌನ್‌ಗೆ ಒಂದು ಕಾಗದ ಬರೆದಿದಾನೆ, ಪ್ರಯಾಣಕ್ಕೆ ಅಂತ ಅವಳು ನನ್ನ ಟೋಪಿಗೆ ಒಳಗಡೆ ರೇಷ್ಮೆ ಹಾಕಿ ಕೊಟ್ಟಿದ್ದಳು, ಅದು ತಲೆ ಸುಡುತ್ತೆ ಅಂತ.

—ಏನಂದ್ರಿ?

—ಟೋಪಿ ಕಣೇ. ಪ್ರಯಾಣದ ಟೋಪಿ.

—ಒಳಗೆ ರೇಷ್ಮೆ ಅಂದ್ರೆ ಲೈನಿಂಗ್. ಅವಳು ಅವನ ಟೋಪಿಗೆ ಲೈನಿಂಗ್ ಹಾಕಿ ಕೊಟ್ಟಿದ್ದಳು. ಮಾವ, ಇದು ಪುಸ್ತಕದಲ್ಲಿದೆಯಾ, ಸಿನಿಮಾದಲ್ಲಾ?

—ಅವನ ಕೈಬರಹದಲ್ಲಿದೆ. 1820ರ ನವೆಂಬರ್ 1ರ ಕಾಗದ.

—ಮತ್ತೆ ಈಗ ತಾನೇ ಅವನ ಬದುಕಿಗೂ ಅವಳ ಸೂಜಿಗೂ ಗಂಟು ಹಾಕಬೇಡ ಅಂದ್ರಿ! ಲೈನಿಂಗ್ ಯಾರಿಗೂ ಕಾಣಲ್ಲ ಮಾವ. ನನ್ನ ಹತ್ರ ಬರೋರೂ ಮೇಲಿನ ಬಟ್ಟೆ ಬಗ್ಗೆ ಅರ್ಧ ಗಂಟೆ ಮಾತಾಡ್ತಾರೆ, ಲೈನಿಂಗ್ ನೀವೇ ಯಾವುದಾದ್ರೂ ಹಾಕಿ ಅಂತಾರೆ. ಮೈಗೆ ತಾಗೋದು ಮಾತ್ರ ಅದೇ. ಅವನ ತಲೆಗೆ ಹಗಲೂ ರಾತ್ರಿ ಅವಳ ಹೊಲಿಗೆ ತಾಗ್ತಿತ್ತು. ನೀವು ಮೂವತ್ತೆರಡು ವರ್ಷ ಇದನ್ನ ಓದಿ ಏನು ಹೇಳ್ತಿದ್ರಿ ಕ್ಲಾಸಲ್ಲಿ?

—ತಾಪದ ಪ್ರತೀಕ ಅಂತ ಬರೆಸ್ತಿದ್ದೆ.

—ಹೊಲಿಗೆ ಅದು.

—ಹೂಂ. ಹಾಗೆ ನೋಡಿದ್ರೆ ಇನ್ನೊಂದಿದೆ. ಹೇಳಿದ್ರೆ ಮೇಲೆ ಬೀಳ್ತೀಯ.

—ಹೇಳಿ.

—ಅವಳು ಅವನಿಗೆ ಒಂದು ಬಿಳೀ ಕಲ್ಲು ಕೊಟ್ಟಿದ್ದಳು. ಕಾರ್ನೀಲಿಯನ್ ಅಂತಾರೆ, ಅಂಗೈಯಲ್ಲಿ ಮುಚ್ಚಿಟ್ಕೊಳ್ಳೋವಷ್ಟು, ಮೊಟ್ಟೆಯಾಕಾರದ್ದು. ಕಾಗದ ಒಡೆಯಲಿಲ್ಲ, ಆದರೆ ಆ ಕಲ್ಲನ್ನ ಕೈಯಿಂದ ಕೈಗೆ ಬದಲಾಯಿಸ್ತಾ ಹಿಡ್ಕೊಂಡೇ ಇರ್ತಿದ್ದ ಅಂತ ಸೆವರ್ನ್ ಹೇಳಿದಾನೆ. ನಾನು ಅದನ್ನ ಪಾಠದಲ್ಲಿ ಹೇಳ್ತಿರಲಿಲ್ಲ, ಪರೀಕ್ಷೆಗೆ ಬರಲ್ಲ ಅಂತ.

—ಕಲ್ಲು ಯಾತಕ್ಕೆ?

—ಅದೇ. ಹೊಲಿಯುವಾಗ ಅವಳು ಅದನ್ನ ಹಿಡ್ಕೊಳ್ತಿದ್ದಳಂತೆ. ಅಂಗೈ ತಣ್ಣಗಿರಲಿ ಅಂತ.

—

—ಯಾಕೆ, ನಿಲ್ಲಿಸಿಬಿಟ್ಟೆ?

—ಕೈ ಬೆವರದೆ ಇರೋಕೆ ಮಾವ. ರೇಷ್ಮೆಗೆ ಬೆವರು ತಾಗಬಾರದು ಅಂತ. ನನಗೆ ಪೌಡರ್ ಡಬ್ಬಿ, ಅವಳಿಗೆ ಕಲ್ಲು. ಜ್ವರದ ಕೈಗೆ ತನ್ನ ಕೆಲಸದ ಸಾಮಾನು ಕೊಟ್ಟು ಕಳಿಸಿದಾಳೆ. ಕೂದಲಿನ ಎಳೆ, ಚಿತ್ರ, ಹೂವು, ಹೀಗೆ ಎಲ್ಲರೂ ಕೊಡೋದು ಬೇರೆ. ನಾಳೆ ಸೂಜಿ ಹಿಡಿಯುವಾಗ ತನಗೇ ಬೇಕಾಗೋದನ್ನ ಕೊಟ್ಟಿದಾಳೆ.

—ಇದನ್ನ ಕೀಟ್ಸ್ ಪಂಡಿತರು ನಿನ್ನ ಹತ್ರ ಕೇಳಬೇಕಿತ್ತು.

—ಪಂಡಿತರು ಬೇಡ, ಬ್ಯಾಂಕಿನವರಿಗೆ ಹೇಳಿ. ಏನೂ ಆಗಲ್ಲ ಅಂದೋರಿಗೆ ಇದನ್ನ ಹೇಳಿ. ಅವಳು ಮೆಟ್ಟಿಲ ಮೇಲೆ ಕುಸಿದು ಉಸಿರು ಕಟ್ಟುತ್ತೆ ಅಂತ ಅಮ್ಮನ್ನ ಕೂಗಿದಾಗ ನಾನು ಅತ್ತೆ, ನಿಜ. ಆದರೆ ಆಮೇಲೆ ಇನ್ನೂ ಜಾಸ್ತಿ ಆಗಿದ್ದು, ಅವಳು ಕೂತು ಕರೀ ಬಟ್ಟೆ ಹೊಲಿಯುವಾಗ. ಅಳ್ತಾ ಅಲ್ಲ. ನೆಟ್ಟಗೆ ಕೂತು. ಮೊದಲ ಸಲ ಅವಳ ಬಟ್ಟೆಯಲ್ಲಿ ಒಂದೂ ಜಂಬ ಇಲ್ಲ.

—ಅದಾದ ಮೇಲೆ ಬಯಲಲ್ಲಿ ಕವಿತೆ ಹೇಳ್ಕೊಂಡು ಹೋಗ್ತಾಳೆ, ಮುಗೀತು. ನಾನು ಕಾಫಿಗೆ ಎದ್ದೆ.

—ನೀವು ಎದ್ರಿ. ಎಲ್ಲರೂ ಎದ್ರು. ಬ್ಯಾಂಕಿನವರು ಲೈಟ್ ಹಾಕಿದ್ರು.

—ಮುಗಿದ ಮೇಲೆ ಇನ್ನೇನು?

—ಬಟ್ಟೆ ಮಾಡಿದೋರು ಯಾರು ಅಂತ ಹೆಸರು ನೋಡೋಕೆ ನಾನೊಬ್ಬಳೇ ಕೂತಿದ್ದೆ. ಜಾನೆಟ್ ಪ್ಯಾಟರ್ಸನ್ ಅಂತ ಬಂತು. ಹೆಸರು ಮೇಲೆ ಹೋಗ್ತಾ ಇರುವಾಗ ಆ ಹುಡುಗನ ದನಿಯಲ್ಲಿ ಒಂದು ಕವಿತೆ ಶುರುವಾಯ್ತು. ದೊಡ್ಡದು. ನಿಮ್ಮ ಲೋಟದ ಸದ್ದಲ್ಲಿ ಅರ್ಧ ಕೇಳಿಸಲಿಲ್ಲ. ಒಂದು ಪದ ಮಾತ್ರ ಗೊತ್ತಾಯ್ತು, ನೈಟಿಂಗೇಲ್.

—ಏನು? ಕೀಟ್ಸ್ ಪಾತ್ರ ಮಾಡಿದ ಬೆನ್ ವಿಶಾ ಓದಿದ್ನಾ? ಆ ಓಡ್‌ನ?

—ಓದಿದ. ನೀವು ಒಳಗೆ ಸಕ್ಕರೆ ಎಷ್ಟು ಅಂತ ಎಲ್ಲರನ್ನೂ ಕೇಳ್ತಿದ್ರಿ.

—ಅಯ್ಯೋ ದೇವರೇ. ಮೂವತ್ತೆರಡು ವರ್ಷ ನಾನೇ ಗಟ್ಟಿಯಾಗಿ ಓದಿದೀನಿ ಅದನ್ನ, ಬೇರೆಯವರು ಓದಿದ್ದು ನೆಟ್ಟಗೆ ಒಂದು ಸಲ ಕೇಳಿಲ್ಲ. ರಿಮೋಟ್ ಎಲ್ಲಿ?

—ಟಿವಿ ಪಕ್ಕ, ಗುಂಡಿ ಡಬ್ಬಿ ಮೇಲೆ. ಕೊನೆಗೆ ಓಡಿಸಿ. ಅಷ್ಟು ಹಿಂದೆ ಬೇಡ, ಇದು ಮಂಜಲ್ಲಿ ನಡೆಯೋದು. ಇನ್ನೂ ಮುಂದೆ. ಹಾಂ, ಅಲ್ಲಿ.

—ನೀನು ಕೆಲಸ ನಿಲ್ಲಿಸಬೇಡ.

—ನಿಲ್ಲಿಸಲ್ಲ, ಕುಚ್ಚಿಗೆ ಸದ್ದಿಲ್ಲ. ಹೋಗ್ಲಿ, ಕೇಳ್ತಾ ಕೇಳ್ತಾ ಈ ಎಳೆಗಳ ತುದಿ ಹಿಡ್ಕೊಳ್ಳಿ, ನಾನು ಸುತ್ತು ಹಾಕ್ತೀನಿ. ಬಿಗಿಯಾಗಿ ಬೇಡ. ಎರಡು ಬೆರಳಲ್ಲಿ.

—ಹೀಗಾ?

—ಹೀಗೇ. ಅಲ್ಲಾಡಿಸಬೇಡಿ. ಶುರುವಾಯ್ತು ನೋಡಿ.

—ಶ್‌, ತಡಿ. ಲೇ, ನನ್ನ ಕೈ ಬೆವರ್ತಿದೆಯಲ್ಲೇ.

—ಪೌಡರ್ ಡಬ್ಬಿ ನಿಮ್ಮ ಎಡಗಡೆ ಇದೆ ಮಾವ.